ದೋಸೆ ಭಟ್ಟರ ಕಾವಲಿ

ಕಾದ ಕಾವಲಿಗೆ ಅರ್ಧ ನೀರುಳ್ಳಿ ತಿಕ್ಕಿದಾಗ ಒಂದು ವಾಸನೆ ಏಳುತ್ತದಲ್ಲ, ಹೋದ ವಾರ ಇಲ್ಲಿ ಚೆನ್ನೈಯಲ್ಲಿ ವಡಪಳನಿಯ ಒಂದು ಹೋಟೆಲಿನಲ್ಲಿ ಅದು ಮೂಗಿಗೆ ಬಡಿಯಿತು. ದೇವಸ್ಥಾನಕ್ಕೆ ಹೋಗಿ ಬಂದು ಮಸಾಲೆ ದೋಸೆಗೆ ಹೇಳಿ ಕೂತಿದ್ದೆ. ಬೆಳಿಗ್ಗೆ ಪೇಪರಿನಲ್ಲಿ ಓದಿದ ಸುದ್ದಿಯೊಂದು ಮೊದಲೇ ತಲೆ ಕೆಡಿಸಿತ್ತು. ಯಾವುದೋ ಶ್ರೀಮಂತ ದೇಶ ಕೊಡುತ್ತಿದ್ದ ದುಡ್ಡು ನಿಲ್ಲಿಸಿತಂತೆ. ಆಫ್ರಿಕದ ಊರುಗಳಲ್ಲಿ ಎಚ್‌ಐವಿಗೆ ಮಾತ್ರೆ ಕೊಡುವ ಕ್ಲಿನಿಕ್ಕುಗಳು ಬಾಗಿಲು ಹಾಕಿದವಂತೆ. ಮೈಲಿಗಟ್ಟಲೆ ನಡೆದು ಬಂದವರು ಬೀಗ ನೋಡಿಕೊಂಡು ವಾಪಸು ಹೋದರಂತೆ. ಓದಿ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ ಈ ವಾಸನೆ... ದೋಸೆ ಬಂತು, ತಿನ್ನಲಾಗಲಿಲ್ಲ.

ಕೋಡಂಬಾಕ್ಕಂನಲ್ಲಿ ನಮ್ಮಪ್ಪನ ಹೋಟೆಲಿತ್ತು. ಅಪ್ಪ ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಿನಿಮಾ ಸ್ಟುಡಿಯೋದ ಲೈಟಿನವರು, ಮೇಕಪ್ಪಿನವರು ಬಂದು ನಿಂತಿರುತ್ತಿದ್ದರು. ಅವರು ಬರುತ್ತಿದ್ದುದು ನಮ್ಮ ದೋಸೆ ಭಟ್ಟರ ದೋಸೆಗೆ. ಭಟ್ಟರು ಕಡ್ಡಿಯಂಥ ಮನುಷ್ಯ, ಹೆಗಲಿಗೆ ಬೆವರೊರೆಸುವ ಒಂದು ಕೆಂಪು ಬೈರಾಸು. ಆ ಕಬ್ಬಿಣದ ಕಾವಲಿಯನ್ನು ಇಪ್ಪತ್ತು ವರ್ಷ ಪಳಗಿಸಿದ್ದರು. ಅದಕ್ಕೆ ಸೋಪು ಮುಟ್ಟಿಸುವ ಹಾಗಿಲ್ಲ, ಇನ್ನೊಬ್ಬರು ಅದರ ಮುಂದೆ ನಿಲ್ಲುವ ಹಾಗೂ ಇಲ್ಲ. ಊರಿಗೆ ಹೋಗಬೇಕಾದಾಗ, ಎಣ್ಣೆ ಹಚ್ಚಿ ಇಡಿ, ಉಪ್ಪಿಟ್ಟು ಮಾರಿಕೊಳ್ಳಿ ಎಂದು ಅಪ್ಪನಿಗೇ ಅಪ್ಪಣೆ ಕೊಟ್ಟು ಹೋಗುತ್ತಿದ್ದರು.

ನಾನಾಗ ಕಾಲೇಜಿನಲ್ಲಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ಒಲೆಗಳು ತಣ್ಣಗಾದ ಮೇಲೆ ಹೋಟೆಲಿನವರೆಲ್ಲ ತಮ್ಮ ತಮ್ಮ ಕಾಗದ ಹಿಡಿದು ನನ್ನ ಹತ್ತಿರ ಬರುವುದು ರೂಢಿ. ಅವರಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ರೇಷನ್ ಕಾರ್ಡು, ಬ್ಯಾಂಕಿನ ಫಾರಂ, ಔಷಧಿ ಚೀಟಿ, ಎಲ್ಲವನ್ನೂ ಓದಿ ಹೇಳುವ ಪಂಡಿತೆ ನಾನು! ಹೇಳುತ್ತಿದ್ದುದು ಮಾತ್ರ ಮುಕ್ಕಾಲು ಪಾಲು ತಮಿಳಿನಲ್ಲಿ. ಓದಿದ್ದೇ ಆ ಭಾಷೆಯಲ್ಲಿ, ಏನು ಮಾಡಲಿ. "ಎಂತ ತಂಗಿ, ಕನ್ನಡ ಬಾಯಿಗೆ ಖಾರ ಆಗ್ತದಾ?" ಎಂದು ಭಟ್ಟರು ಕೆಣಕುತ್ತಿದ್ದರು.

ಒಂದು ವರ್ಷ ಅವರಿಗೆ ಜ್ವರ ಬಿಟ್ಟು ಬಿಟ್ಟು ಬರತೊಡಗಿತು. ಮೈ ಇನ್ನೂ ಇಳಿಯಿತು. ಯಾರೋ ಹೇಳಿದರೆಂದು ರಕ್ತ ಪರೀಕ್ಷೆ ಮಾಡಿಸಿ, ಆ ರಿಪೋರ್ಟನ್ನು ಮೂರು ಗಂಟೆಗೆ ನನ್ನ ಮುಂದೆ ಹಿಡಿದರು. ನಾಳೆ ಸರಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಬೇಕು, ಅದಕ್ಕೆ ಮೊದಲು ಏನುಂಟು ನೋಡಿ ಹೇಳಿ ಎಂದರು. ಓದಿದೆ. ಬಸ್ಸಿನ ಹಿಂದೆ, ಗೋಡೆಗಳ ಮೇಲೆ ನೋಡಿ ಪರಿಚಯವಿದ್ದ ಮೂರು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಒಂದು ಪದ. ರಕ್ತ ಸ್ವಲ್ಪ ಕಡಿಮೆಯಂತೆ, ಡಾಕ್ಟರು ಹೇಳುತ್ತಾರೆ ಎಂದು ಮಡಚಿ ಕೊಟ್ಟೆ. ಸಂಜೆ ಅಪ್ಪನಿಗೆ ಹೇಳಿದೆ.

ಸಹಾಯ ಮಾಡಲಿ ಎಂದೇ ಹೇಳಿದ್ದು. ಹಾಗಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ... ನಿಜಕ್ಕೂ ಹೆದರಿ ಹೇಳಿದೆ. ಆ ಬೆಳಿಗ್ಗೆಯೂ ಅವರ ಕೈಯ ದೋಸೆ ತಿಂದಿದ್ದೆ.

ಮಾರನೆಯ ದಿನ ಭಟ್ಟರು ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಅಪ್ಪ ಎರಡು ಕೊಪ್ಪರಿಗೆ ಹಿಟ್ಟನ್ನು ಮೋರಿಗೆ ಸುರಿಸಿದರು. ಹುಳಿ ಹಿಟ್ಟಿನ ವಾಸನೆ ಬೀದಿ ತುದಿಯವರೆಗೆ ಹೋಯಿತು. ಆಮೇಲೆ ಆ ಕಾವಲಿಯನ್ನೇ ಕೀಳಿಸಿ ಗುಜರಿಯವನ ಗಾಡಿಗೆ ಹಾಕಿಸಿದರು. ಯಾಕೆ ಎಂದು ಅಡಿಗೆಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದ್ದೇನಿತ್ತು? ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು.

ಭಟ್ಟರು ಬಂದು ಖಾಲಿ ಒಲೆಯನ್ನು ನೋಡಿ ನಿಂತುಬಿಟ್ಟರು. ಆಸ್ಪತ್ರೆಯಿಂದ ಸ್ವಲ್ಪ ಧೈರ್ಯದಲ್ಲೇ ಬಂದಿದ್ದರು ಪಾಪ. ತಿಂಗಳಿಗೊಮ್ಮೆ ಬನ್ನಿ, ಕೆಲಸ ಮಾಡಬಹುದು, ಅಡಿಗೆಯಿಂದ ಯಾರಿಗೂ ಹರಡುವುದಿಲ್ಲ, ಹೊರದೇಶದಲ್ಲಿ ಒಂದು ಮಾತ್ರೆಯಿಂದ ಜನ ಬದುಕುತ್ತಿದ್ದಾರೆ, ಇಲ್ಲಿಯೂ ಬಡವರ ಕೈಗೆ ಸಿಗುವ ದಿನ ಬರುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅಪ್ಪ ಗಲ್ಲಾದಿಂದ ಏಳದೆ, ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

"ಆ ಬೆಂಕಿಯಲ್ಲಿ ಎಂತ ಹುಳ ಬದುಕ್ತದೆ ಧಣಿ? ನೀವೇ ಹೇಳಿ."

"ನಂಗೆ ಗೊತ್ತುಂಟು ಭಟ್ರೇ. ಗಿರಾಕಿಗಳಿಗೆ ಯಾರು ಹೇಳುವುದು?"

ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಅಪ್ಪ ಏನೂ ತಿಳಿಯದವರಾಗಿದ್ದರೆ ಒಂದು ಮಾತು. ತಿಳಿದೂ ಕಳಿಸಿದರು. ಊರಿಗೆ ಹೋದರೆ ಆಸ್ಪತ್ರೆ ತಪ್ಪುತ್ತದೆ, ಆಸ್ಪತ್ರೆ ತಪ್ಪಿದರೆ ಆ ಮಾತ್ರೆ ಬಂದ ದಿನ ಈ ಮನುಷ್ಯ ಸಾಲಿನಲ್ಲಿ ಇರುವುದಿಲ್ಲ. ಇಷ್ಟನ್ನು ಲೆಕ್ಕ ಹಾಕಲು ಕಾಲೇಜು ಬೇಕೇ? ಆದರೂ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ, ಅಷ್ಟೇ.

ಟ್ರಂಕು ಎತ್ತಿಕೊಂಡು ಹೊರಟವರು ನನ್ನ ಮುಂದೆ ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ. "ತಂಗಿ, ನಿನ್ನೆ ಓದುವಾಗ ನಿಮಗೆ ಗೊತ್ತಾಗಿತ್ತಾ?"

"ತೆರಿಯಲೈ ಭಟ್ರೇ" ಎಂದೆ. ಗೊತ್ತಿರಲಿಲ್ಲ ಎಂಬ ಸುಳ್ಳು ತಮಿಳಿನಲ್ಲಿ ಸಲೀಸಾಗಿ ಬಂತು. ಅವರು ತಲೆಯಾಡಿಸಿ ಮೆಟ್ಟಿಲಿಳಿದರು.

ಅವರಿಗೆ ಆ ರೋಗ ಹೇಗೆ ಬಂತು ಎಂದು ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಕೇಳೇ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಗೊತ್ತಾಗಿ ಏನು ಮಣ್ಣಾಗಬೇಕಿತ್ತು? ಮಲೇರಿಯ ಬಂದವನನ್ನು ಯಾವ ಸೊಳ್ಳೆ, ಎಲ್ಲಿ ಕಚ್ಚಿತು ಎಂದು ಕೇಳುತ್ತೀರಾ?

ಹೊಸ ಕಾವಲಿ ಬಂತು. ದೋಸೆ ಅದಕ್ಕೆ ಕಚ್ಚಿಕೊಂಡು ಏಳಲೇ ಇಲ್ಲ. ಹೊಸ ಅಡಿಗೆಯವರು ಎಣ್ಣೆ ಸುರಿದರು, ನೀರುಳ್ಳಿ ತಿಕ್ಕಿದರು, ಕೆರೆದು ಕೆರೆದು ಚಿಂದಿಯಂಥ ದೋಸೆ ಬಡಿಸಿದರು. ಯಾರಿಗಾಗಿ ಭಟ್ಟರನ್ನು ಕಳಿಸಿದ್ದೆವೋ ಆ ಗಿರಾಕಿಗಳೇ ಆ ಹಳೇ ಭಟ್ಟರೆಲ್ಲಿ, ಕರೆಸಿ ಎಂದು ತಿಂಗಳುಗಟ್ಟಲೆ ಗಲ್ಲಾದ ಮುಂದೆ ಕೇಳಿದರು. ಅಪ್ಪ ಚಿಲ್ಲರೆ ಎಣಿಸುತ್ತಾ ಕೂತಿರುತ್ತಿದ್ದರು.

ಮರುವರ್ಷ ನನ್ನ ಹೆಸರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಭಟ್ಟರ ಗುಂಡಗಿನ ಅಕ್ಷರ. "ಆ ಡಾಕ್ಟರು ಹೇಳಿದ ಮಾತ್ರೆ ಬಂದಿದೆಯಾ ಎಂದು ಒಮ್ಮೆ ಹೋಗಿ ಕೇಳಿ, ಒಂದು ಗೆರೆ ಬರೆಯಿರಿ. ಇಲ್ಲಿ ಯಾರ ಹತ್ತಿರವೂ ಕೇಳುವ ಹಾಗಿಲ್ಲ." ಅಷ್ಟೇ. ಆಗ ನನಗೆ ಗಂಡು ನೋಡುತ್ತಿದ್ದರು. ಆ ಆಸ್ಪತ್ರೆಯ ಆ ವಾರ್ಡಿನ ಮುಂದೆ ನಾನು ನಿಂತದ್ದನ್ನು ನಮ್ಮವರು ಯಾರಾದರೂ ಕಂಡರೆ ಮುಗಿಯಿತು, ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಪತ್ರ ಬರೆದೆ, ಇನ್ನೂ ಬಂದಿಲ್ಲ ಭಟ್ರೇ ಎಂದು. ಹೋಗಿ ಕೇಳಿರಲೇ ಇಲ್ಲ.

ನಮ್ಮ ದೇಶದ ಕಾರ್ಖಾನೆಗಳಲ್ಲೇ ಆ ಮಾತ್ರೆ ತಯಾರಾಗಿ, ಕಡಿಮೆ ಬೆಲೆಗೆ ಆಫ್ರಿಕಕ್ಕೆ ಹೋಗುತ್ತಿದ್ದ ಕಾಲವಂತೆ ಅದು. ಇದು ಗೊತ್ತಾದ ದಿನ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಸಮುದ್ರದಾಚೆಗೆ ತಲುಪಿದ ಮಾತ್ರೆ ನಮ್ಮ ಭಟ್ಟರ ಊರಿಗೆ ತಲುಪಲಿಲ್ಲ. ಮುಂದೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ ಎಂದು ಪೇಪರಿನಲ್ಲಿ ಬಂದ ದಿನವೇ, ಗಂಡನ ಮನೆಯಿಂದ ಅವರಿಗೆ ಬರೆದು ಹಾಕಿದೆ. ಉತ್ತರವಿಲ್ಲ. ಊರಿಗೆ ಹೋಗಿ ಬಂದ ಹೋಟೆಲಿನ ಸಪ್ಲೈಯರೊಬ್ಬ ಹೇಳಿದ, ಭಟ್ರು ಹಿಂದಿನ ವರ್ಷ ಆಟಿ ತಿಂಗಳ ಮಳೆಯಲ್ಲೇ ತೀರಿಹೋದರು ಎಂದು. ಕೊನೆಗೆ ಅವರು ದನದ ಹಟ್ಟಿಯ ಪಕ್ಕದ ಕೋಣೆಯಲ್ಲಿದ್ದರಂತೆ, ಮನೆಯವರು ಊಟವನ್ನು ಬಾಗಿಲಲ್ಲಿ ಇಟ್ಟು ಬರುತ್ತಿದ್ದರಂತೆ...

ಅಪ್ಪನೂ ಈಗಿಲ್ಲ. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಜಗಳವಾಡೋಣವೆಂದರೂ ಯಾರ ಹತ್ತಿರ ಆಡಲಿ?

ಹೋದ ವಾರ ಆ ವಡಪಳನಿ ಹೋಟೆಲಿನಲ್ಲಿ ದೋಸೆ ಬಿಟ್ಟು ಎದ್ದೆ. ಕೈ ತೊಳೆಯುವ ಜಾಗದಿಂದ ಕಾವಲಿ ಕಾಣುತ್ತಿತ್ತು. ಒಡಿಶಾ ಕಡೆಯವನೊಬ್ಬ ಅದಕ್ಕೆ ನೀರು ಚಿಮುಕಿಸಿ, ನೀರುಳ್ಳಿ ತಿಕ್ಕುತ್ತಿದ್ದ. ಅಲ್ಲೇ ನಿಂತು ಕನ್ನಡದಲ್ಲಿ ಹೇಳಿದೆ. "ಗೊತ್ತಿತ್ತು ಭಟ್ರೇ. ಓದುವಾಗಲೇ ಗೊತ್ತಿತ್ತು."

ಅವನು ತಲೆಯೆತ್ತಿ ನೋಡಿದ. ಏನೋ ಬೇಕೆಂದು ಕೇಳಿದೆ ಅಂದುಕೊಂಡಿರಬೇಕು, ಸರಿ ಎಂಬಂತೆ ತಲೆಯಾಡಿಸಿ, ಕಾವಲಿಯ ಮೇಲೆ ಇನ್ನೊಂದು ದೋಸೆ ಎರೆದ.