ಎಕ್ಸ್‌ರೇಯಲ್ಲಿ ಅವ್ವನ ಬೆರಳು

ಎಕ್ಸ್‌ರೇ ಡಿಟೆಕ್ಟರ್ ಮಾಡುತ್ತಿದ್ದ ಆ ದಿನಗಳನ್ನು ನೆನೆದರೆ ನನಗೆ ಮೊದಲು ಕಣ್ಣ ಮುಂದೆ ಬರುವುದು ಖಡಕ್ ರೊಟ್ಟಿ. ಹಳೆಯ ಫಿಲ್ಮಿನ ಜಾಗದಲ್ಲಿಟ್ಟರೆ ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳಿಸುವ ಪ್ಲೇಟು ನಮ್ಮದು. ಕೀಲಿಕೈ, ಮೊಳೆ ಯಾವ ಪ್ಲೇಟಿನಲ್ಲೂ ಚೆಂದ ಬರುತ್ತವೆ. ತೆಳುವಾದ ವಸ್ತುವಿನ ಸಣ್ಣ ಏರಿಳಿತ ಹಿಡಿಯುವುದೇ ಕಷ್ಟ.

ನವಲಗುಂದದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದ ನನ್ನ ಡಬ್ಬಿಯಲ್ಲಿ ಅವ್ವ ಬಡಿದ ರೊಟ್ಟಿ ಇದ್ದೇ ಇರುತ್ತಿತ್ತು. ಒಂದು ಮಧ್ಯಾಹ್ನ ಪರೀಕ್ಷೆಗೆಂದು ಅದನ್ನೇ ಪ್ಲೇಟಿನ ಮೇಲಿಟ್ಟೆ. ಅವ್ವನ ಬೆರಳಿನ ಗುರುತುಗಳು ಸುತ್ತುಸುತ್ತಾಗಿ, ಮಸುಕಾಗಿ ಮೂಡಿದವು.

"ಅಕ್ಕಾರ, ಅವ್ವಾರಿಗೂ ಪಗಾರ ಚಾಲೂ ಮಾಡ್ರಿ," ಎಂದರು ಜೊತೆಗೆ ಕೆಲಸ ಮಾಡುತ್ತಿದ್ದ ಕಲಘಟಗಿ ಎಂಬವರು.

ಮರುವರ್ಷ ಇನ್ನೂ ಸೂಕ್ಷ್ಮವಾದ ಪ್ಲೇಟು ಸಿದ್ಧವಾಯಿತು. ಹಳೆಯದಕ್ಕಿಂತ ಚೆನ್ನಾಗಿ ಕಾಣಿಸದಿದ್ದರೆ ಈ ಕೆಲಸವನ್ನೇ ನಿಲ್ಲಿಸೋಣ ಎಂದಿದ್ದರು ಮೇಲಿನವರು. ಡಬ್ಬಿ ತೆರೆದು ರೊಟ್ಟಿ ಇಟ್ಟೆವು. ಬೆರಳಿನ ಗುರುತು ಒಂದೂ ಇಲ್ಲ, ಬರೀ ನುಣ್ಣನೆಯ ಬೂದು ಬಣ್ಣ. ಸಂಜೆಯವರೆಗೆ ವೈರು ಬಿಚ್ಚಿದೆವು, ಕಟ್ಟಿದೆವು.

"ಇದು ಕುರುಡ ಆಗೇತ್ರಿ," ಎಂದು ಕಲಘಟಗಿಯವರು ಕೈಚೆಲ್ಲಿ ಕೂತರು.

ಮನೆಗೆ ಬಂದು ಅವ್ವನ ಮುಂದೆ ಹೇಳಿಕೊಂಡೆ. "ಅಷ್ಟ್ ಛಲೋ ಪ್ಲೇಟು, ನಿನ್ನ ಬೆರಳ ಒಂದೂ ಕಾಣವಲ್ದು ಬೇ."

ಅವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ನಾ ಬಡದಿದ್ರ ತಾನ ಕಾಣೂದು."

"ಮತ್ತ ಯಾರ ಬಡದಿದ್ದು?"

"ಮಷಿನ್‌ದು. ಹಿಂದಿನ ಓಣ್ಯಾಗ ಮಾಡ್ತಾರ. ದೀಪಾವಳಿಯಿಂದ ರಟ್ಟಿ ಎತ್ತಾಕ ಬರವಲ್ದು ನನಗ."

"ನನಗ ಹೇಳೂದಲ್ಲ?"

"ಹೇಳಿದ್ರ ನೀ ಬಡಿಯಾಕಿ ಏನ? ಇಷ್ಟ್ ದಿನಾ ತಿಂದಿ, ನಾಲಗಿಗೆ ಗೊತ್ತಾಗಲಿಲ್ಲ. ಪ್ಲೇಟಿಗೆ ಗೊತ್ತಾತ ನೋಡು."

ಬೇಡವೆಂದರೂ ಕೇಳದೆ ಮರುದಿನ ನಸುಕಿನಲ್ಲಿ ಒಂದು ರೊಟ್ಟಿ ಬಡಿದಳು. ನಡುನಡುವೆ ಕೈ ನಿಲ್ಲಿಸಿ, ಭುಜ ಹಿಡಿದುಕೊಂಡು, ಮತ್ತೆ ಬಡಿದಳು. ಒಲೆಯ ಬದಿಗೆ ನಿಲ್ಲಿಸಿ ಖಡಕ್ ಮಾಡಿ, ಬಟ್ಟೆಯಲ್ಲಿ ಸುತ್ತಿಕೊಟ್ಟಳು.

ಹೊಸ ಪ್ಲೇಟು ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ತೋರಿಸಿತು. ಅವಳು ಕೈ ನಿಲ್ಲಿಸಿದ ಕಡೆಯೆಲ್ಲ ದಪ್ಪಗೆ ಉಳಿದಿತ್ತು. ಕಲಘಟಗಿಯವರು ಆ ಜಾಗಗಳನ್ನೇ ಪರದೆಯ ಮೇಲೆ ಬೆರಳಿಟ್ಟು ಎಣಿಸಿದರು. ನಮ್ಮ ಕೆಲಸ ಮುಂದುವರಿಯಿತು.

ಅಂದಿನಿಂದ ಹಿಂದಿನ ಓಣಿಗೆ ಹೋಗಿ ರೊಟ್ಟಿ ತರುವುದು ನನ್ನ ಪಾಲಿನ ಕೆಲಸ. ಅವ್ವ ಒಂದೊಂದನ್ನೂ ಬೆಳಕಿಗೆ ಹಿಡಿದು, "ಅಂಚ ದಪ್ಪ ಆತು," ಎಂದು ಕೊಂಕು ತೆಗೆದೇ ತಿನ್ನುತ್ತಾಳೆ.