ದೇವಯ್ಯನವರ ಅರ್ಧ ಅಂಗಳ

ದೇವಯ್ಯನವರು ಮೂವತ್ತೊಂದು ವರ್ಷ ಲೈನ್‌ಮ್ಯಾನ್ ಆಗಿದ್ದವರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಅವರು ಹತ್ತದ ಕಂಬ ಕಡಿಮೆ. ಯಾವುದೇ ಹಳ್ಳಿಯ ಹೆಸರು ಹೇಳಿ, ಅಲ್ಲಿ ಟ್ರಾನ್ಸ್‌ಫಾರ್ಮರ್ ಎಲ್ಲಿದೆ, ಯಾವ ಗಾಳಿಗೆ ಯಾವ ತೆಂಗಿನ ಗರಿ ಯಾವ ತಂತಿಗೆ ತಾಗುತ್ತದೆ ಎಂದು ಹೇಳಿಬಿಡುತ್ತಾರೆ. ನಿವೃತ್ತರಾದ ಮೇಲೆ ಹಾಸನದಲ್ಲಿ, ಬೂವನಹಳ್ಳಿ ಕಡೆಗೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ಒಂದು ಮನೆ ಕೊಂಡರು. ಕಟ್ಟಡದಲ್ಲಿ ಕೆಳಗೆ ಎರಡು ಮನೆ, ಮೇಲೆ ಎರಡು. ಮೇಲಿನ ಒಂದರಲ್ಲಿ ನೀಲಾಂಬಿಕೆ ಎನ್ನುವವರಿದ್ದಾರೆ, ಇನ್ನೊಂದರಲ್ಲಿ ನಾನು. ನಾನು ಹೈಸ್ಕೂಲು ಮೇಷ್ಟ್ರು. ನನ್ನ ಸೈಕಲ್ಲು ಮೆಟ್ಟಿಲ ಕೆಳಗೆ ನಿಲ್ಲುವುದರಿಂದ ಅಂಗಳದ ಜಗಳದಲ್ಲಿ ನಾನು ಯಾವ ಪಕ್ಷವೂ ಅಲ್ಲ.

ಕಟ್ಟಡದ ಮುಂದಿನ ಸಿಮೆಂಟು ಅಂಗಳದಲ್ಲಿ ಎರಡು ಗಾಡಿಗಳು ಪಕ್ಕಪಕ್ಕ ನಿಲ್ಲಬಹುದು. ಗೇಟಿನಿಂದ ಎಡಕ್ಕೆ ಅರ್ಧ ದೇವಯ್ಯನವರದು, ಬಲಕ್ಕೆ ಅರ್ಧ ಪಕ್ಕದ ಮನೆಯ ಅನಿಲ್‌ಕುಮಾರರದು. ಕ್ರಯಪತ್ರದಲ್ಲಿ ಹಾಗೇ ಬರೆದಿದೆ. ದೇವಯ್ಯನವರು ಆ ಪತ್ರವನ್ನು ನನಗೆ ಮೂರು ಸಲ ಓದಿಸಿದ್ದಾರೆ.

"ಎಂಟಡಿ ಅಗ್ಲ, ಅದ್ನೆಂಟಡಿ ಉದ್ದ ಅಂತ ಇನ್ನೊಂದ್ಸಲ ಓದಿ ಮೇಷ್ಟ್ರೇ. ನಮ್ಮಪ್ಪ, ನಮ್ಮ ತಾತ, ಯಾರ ಎಸ್ರಲ್ಲೂ ಒಂದ್ ಮೊಳ ಭೂಮಿ ಇರ್ನಿಲ್ಲ. ಗ್ವಾಡೆ, ಸೂರು ಎಲ್ಲಾ ಸರಿ. ಆದ್ರೆ ಆಕಾಸ ಕಾಣೋ ಜಾಗ ಅಂತ ಇದೇ ಮೊದ್ಲು."

ಹೆಂಡತಿ ಮಾಯಮ್ಮನವರ ಮಂಡಿನೋವಿಗಾಗಿ ಅವರು ಒಂದು ಹಳೆಯ ಬಿಳಿ ವ್ಯಾನು ಕೊಂಡಿದ್ದರು. ಅದನ್ನು ಆ ಎಂಟಡಿಯಲ್ಲಿ ನಿಲ್ಲಿಸಬೇಕು ಎನ್ನುವುದು ಅವರ ಆಸೆ. ಆದರೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಅನಿಲ್‌ಕುಮಾರರಿಗೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ. ಅವರ ಕಪ್ಪು ಕಾರು ಒಂದು ಹುಲ್ಲಿನ ಗಾಡಿಯಷ್ಟಿದೆ. ಅದನ್ನು ಅವರು ಅಂಗಳದ ನಟ್ಟನಡುವೆ, ಮದುಮಗನನ್ನು ಹಸೆಮಣೆಯ ಮೇಲೆ ಕೂರಿಸಿದ ಹಾಗೆ ನಿಲ್ಲಿಸುತ್ತಿದ್ದರು.

"ಸಾ, ಒಸಿ ಆ ಕಡೀಕ್ ಸರಿಸಿದ್ರೆ ನಮ್ದೂ ನಿಲ್ತದೆ," ಎಂದು ದೇವಯ್ಯನವರು ಒಂದು ದಿನ ಕೇಳಿದರು.

ಅನಿಲ್‌ಕುಮಾರ್ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. "ನಿಂದ್ ಸಣ್ಣ ಗಾಡಿ ದೇವಯ್ಯ, ರೋಡಲ್ಲಿ ಎಲ್ಲಾದ್ರೂ ನಿಲ್ತದೆ. ನಂದು ರೋಡಲ್ಲಿ ನಿಲ್ಸೋ ಗಾಡಿನಾ? ಎರಡ್ ಕಡೆ ಬಾಗ್ಲೂ ಪೂರ್ತಿ ತೆಗೀಬೇಕು ನಂಗೆ," ಎಂದರು.

ವ್ಯಾನು ರಸ್ತೆಯಲ್ಲೇ ಉಳಿಯಿತು. ಮೊದಲ ತಿಂಗಳು ಕಸದ ಆಟೊ ಅದರ ಕನ್ನಡಿ ಒಡೆಯಿತು. ಎರಡನೆಯ ತಿಂಗಳು ಒಂದು ಎಮ್ಮೆ ಬಾಗಿಲಿಗೆ ಮೈ ತಿಕ್ಕಿ ಹಿಡಿಯನ್ನು ಸೊಟ್ಟ ಮಾಡಿತು. ದೇವಯ್ಯನವರು ತಮ್ಮ ಅರ್ಧದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟರು. ಅನಿಲ್‌ಕುಮಾರ್ ಅದನ್ನು ತಮ್ಮ ಜಗುಲಿಗೆ ಎಳೆದುಕೊಂಡು ಕೂತು ಪೇಪರು ಓದಿದರು. ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಕಾರು ತೊಳೆದ ನೀರಿಗೆ ಗೆರೆ ಹೋಯಿತು. ಕೊನೆಗೆ ಕೆಲಸದ ಕಾಲದ ಕೆಂಪು ಬೋರ್ಡು ಹುಡುಕಿ, "ಎಚ್ಚರಿಕೆ, ಕೆಲಸ ನಡೆಯುತ್ತಿದೆ" ಎನ್ನುವುದನ್ನು ಗೇಟಿಗೆ ನೇತುಹಾಕಿದರು.

ಅನಿಲ್‌ಕುಮಾರ್ ಅದನ್ನು ಓದಿ, "ಕರೆಂಟು ಎಷ್ಟೊತ್ತಿಗ್ ಬತ್ತದೆ ದೇವಯ್ಯ?" ಎಂದು ಕೇಳಿಕೊಂಡು ಒಳಗೆ ಹೋದರು.

"ಅನ್ನೊಂದ್ ಸಾವ್ರ ವೋಲ್ಟ್ ಮುಟ್ಟಿ ಬಂದೋರು, ಒಂದ್ ಕಾರು ಸರ್ಸಾಕಾಗಾಕಿಲ್ವ ನಿಮ್ಗೆ?" ಎಂದು ಮಾಯಮ್ಮ ಹಂಗಿಸಿದರು.

"ಅದ್ನ ಆಫ್ ಮಾಡಿ ಮುಟ್ತಿದ್ದೆ ಕಣಮ್ಮಿ. ಈವಯ್ಯಂಗೆ ಸ್ವಿಚ್ಚು ಎಲ್ಲೈತೋ ಗೊತ್ತಾಯ್ತಾ ಇಲ್ಲ."

ಹೀಗಿರುವಾಗ ಜನವರಿ ಬಂತು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಒಣಗಿದ ಗಿಡವನ್ನು ಟಾರು ರಸ್ತೆಗೆ ಹಾಸುವುದು ರೂಢಿ. ಬಸ್ಸು ಲಾರಿಗಳು ಅದರ ಮೇಲೆ ಓಡಾಡಿ ಕಾಳು ಬಿಡಿಸುತ್ತವೆ, ಎತ್ತು ಕಟ್ಟಿ ತುಳಿಸುವ ಕಷ್ಟ ತಪ್ಪುತ್ತದೆ. ಅರಕಲಗೂಡು ಕಡೆ ಬೇಸಾಯ ಮಾಡುವ ಮಾಯಮ್ಮನವರ ತಮ್ಮ ಭೀಮ ಕೂಡ ಹಾಗೇ ಮಾಡುತ್ತಿದ್ದ. ಈ ವರ್ಷ ಬೈಕಿನವರು ಜಾರಿ ಬಿದ್ದರೆಂದು ಅವನ ಊರಿನಲ್ಲಿ ರಸ್ತೆಗೆ ಹಾಸಬಾರದೆಂದು ಡಂಗುರ ಹೊಡೆಸಿದರು. ಅವನು ಒಂದು ಭಾನುವಾರ ಲಗೇಜ್ ಆಟೊ ತುಂಬ ಹುರುಳಿ ಗಿಡ ತಂದು ಅಂಗಳದಲ್ಲಿ ನಿಂತ. ಅನಿಲ್‌ಕುಮಾರ್ ಆಚೆ ಹೋಗಿದ್ದರು.

"ಏನ್ ಭಾವ, ಇಷ್ಟು ಒಳ್ಳೆ ಜಾಗ ಖಾಲಿ ಬುಟ್ಕಂಡಿದ್ದೀರಾ!"

"ಖಾಲಿ ಎಲ್ಲೈತೆ ಭೀಮ, ಇನ್ನೊಂದ್ ಗಳ್ಗೆ ತಡಿ," ಎಂದು ಹೇಳುತ್ತಲೇ ದೇವಯ್ಯನವರೂ ಗಿಡ ಹರವಲು ಕೈಹಾಕಿದರು. ತಮ್ಮ ಎಂಟಡಿಯ ಆಚೆಗೆ ಒಂದು ಕಡ್ಡಿಯೂ ಹೋಗದಂತೆ ಕಾಲಲ್ಲಿ ಒತ್ತರಿಸಿದರು.

ಸಂಜೆ ಅನಿಲ್‌ಕುಮಾರ್ ಬಂದು ನೋಡಿದರು. ತಮ್ಮನ್ನು ತಡೆಯಲೆಂದೇ ಇದನ್ನು ಹಾಸಿದ್ದಾರೆ ಎಂದುಕೊಂಡು, ಸಿಟ್ಟಿನಿಂದ ಕಾರನ್ನು ನೇರ ಹುರುಳಿಯ ಮೇಲೆ ಹತ್ತಿಸಿದರು. ಚಟಪಟ ಸದ್ದಾಯಿತು.

ಭೀಮ ಟವೆಲು ಬೀಸಿ ಕೂಗಿದ: "ಅಂಗೇ ಸಾ, ಅಂಗೇ! ಒಸಿ ಇಂದಕ್ಕೋಗಿ ಇನ್ನೊಂದ್ಸಲ ಬನ್ನಿ. ಈ ಮೂಲೆ ಉಳ್ಕಂಡದೆ!"

ಅನಿಲ್‌ಕುಮಾರರ ಸಿಟ್ಟು ಏರಿತು. ಹಿಂದಕ್ಕೆ ಹೋಗಿ ಇನ್ನೂ ಜೋರಾಗಿ ಬಂದರು. ಮೂಲೆಯದೂ ಆಯಿತು. ಆ ದಿನ ನಾಲ್ಕು ಎತ್ತಿನ ಕೆಲಸವನ್ನು ಅವರೊಬ್ಬರೇ ಮಾಡಿದರು. ಮರುದಿನ ಬೆಳಿಗ್ಗೆ ಅವರು ಹೋದ ಮೇಲೆ ಮಾಯಮ್ಮ ಗಿಡ ತಿರುವಿ ಹಾಕಿದರು, ಸಂಜೆ ಅವರು ಬಂದು ಮತ್ತೆ ತುಳಿದರು. ಮೂರನೆಯ ದಿನ ಮಹಡಿಯ ನೀಲಾಂಬಿಕೆಯವರು ನಗು ತಡೆಯಲಾಗದೆ ವಿಷಯವನ್ನು ಅನಿಲ್‌ಕುಮಾರರ ಹೆಂಡತಿ ಆಶಾರಾಣಿಯವರಿಗೆ ಹೇಳಿಬಿಟ್ಟರು.

"ರೀ, ಅವ್ರ ಉರ್ಳಿ ಒಕ್ತಾ ಇರೋದು ನೀವೇ ಅಂತೆ! ಕೂಲಿನಾದ್ರೂ ಇಸ್ಕಳಿ," ಎಂದು ಆಶಾರಾಣಿ ಗಂಡನಿಗೆ ಹೇಳಿದ್ದು ನಮ್ಮ ಮಹಡಿಯವರೆಗೂ ಕೇಳಿಸಿತು.

ಮರುದಿನದಿಂದ ಅನಿಲ್‌ಕುಮಾರ್ ಕಾರನ್ನು ಅಲುಗಿಸಲಿಲ್ಲ. ಅಂಗಳದ ನಡುವೆ, ಎರಡು ಚಕ್ರ ಹುರುಳಿಯ ಮೇಲೆ ಇರುವ ಹಾಗೇ ಬೀಗ ಹಾಕಿ, ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿಬಂದರು. ಸುಗ್ಗಿಹಬ್ಬದ ಹಿಂದುಮುಂದಿನ ಕಿಕ್ಕಿರಿದ ಬಸ್ಸು. ಸಂಜೆ ಅವರ ಇಸ್ತ್ರಿ ಅಂಗಿ ಹಿಂಡಿದ ಬಟ್ಟೆಯಂತೆ ಆಗಿರುತ್ತಿತ್ತು. ಆದರೂ ಹಟ ಬಿಡಲಿಲ್ಲ.

ದೇವಯ್ಯನವರ ಮುಖ ಬಾಡಿತು. ವ್ಯಾನು ಹೋಗಲಿ, ಈಗ ಬಾಮೈದನ ಬೆಳೆಯೂ ಕಾರಿನ ಕೆಳಗೆ ಸಿಕ್ಕಿಕೊಂಡಿತ್ತು. "ಎಂಟಡೀನ ಕಾಗ್ದದಲ್ಲಿ ಮಾತ್ರ ಇಟ್ಕಬೇಕು ಅಂತ ಕಾಣ್ತದೆ ಮೇಷ್ಟ್ರೇ," ಎಂದರು.

ಮಾಯಮ್ಮ ಮಾತ್ರ ಕೈಕಟ್ಟಿ ಕೂರಲಿಲ್ಲ. ಕಾರಿನ ಸುತ್ತ ಉಳಿದ ಗಿಡವನ್ನು ಕೋಲಿನಿಂದ ಬಡಿದರು. ಕಾಳು ಉದುರಿದ ಜಾಗವನ್ನು ಸುಮ್ಮನೆ ಬಿಡಬಾರದು, ಅದು ಕಣ ಎಂದು ಹೇಳಿ, ಕಾರಿನ ಮುಂದಿನ ಸಿಮೆಂಟಿಗೆ ಸಗಣಿ ಸಾರಿಸಿದರು. ಸಗಣಿಯಲ್ಲೇ ಒಂದು ಪುಟ್ಟ ಬೆನಕನನ್ನು ಮಾಡಿ, ತಲೆಗೆ ಗರಿಕೆ ಸಿಕ್ಕಿಸಿ, ಕಾರಿನ ಮೂತಿಯ ಎದುರಿಗೇ ಇಟ್ಟರು. ಅಂದಿನಿಂದ ಗಂಡಹೆಂಡತಿ ಇಬ್ಬರೂ ಚಪ್ಪಲಿಯನ್ನು ಗೇಟಿನಲ್ಲಿ ಬಿಟ್ಟು ಬರತೊಡಗಿದರು. ಇದರಲ್ಲಿ ಉಪಾಯವೇನೂ ಇರಲಿಲ್ಲ. ದೇವಯ್ಯನವರ ತಂದೆ ಬೇರೆಯವರ ಕಣದ ಅಂಚಿನಲ್ಲಿ ನಿಂತು, ಕರೆದಾಗ ಮಾತ್ರ ಪಂಚೆಯ ತುದಿ ಒಡ್ಡಿ ಪಾಲು ಪಡೆದವರು. ತಮ್ಮದೇ ಕಣ ಎಂದು ಅವರ ಮನೆಯಲ್ಲಿ ಯಾರೂ ಅದುವರೆಗೆ ಚಪ್ಪಲಿ ಬಿಟ್ಟಿರಲಿಲ್ಲ.

ಅದೇ ವಾರ ಅನಿಲ್‌ಕುಮಾರರ ತಾಯಿ ಚಿಕ್ಕಲಕ್ಷ್ಮಮ್ಮ ಕಣ್ಣಿನ ಆಪರೇಷನ್ನಿಗೆಂದು ಹೊಳೆನರಸೀಪುರದ ಕಡೆಯ ಊರಿನಿಂದ ಬಂದರು. ಬಂದಾಗ ಅಂಗಳದಲ್ಲಿ ಏನಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಆಪರೇಷನ್ ಆಗಿ, ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಹೊಸಿಲು ದಾಟಿದರು. ಎರಡು ಹೆಜ್ಜೆ ಇಟ್ಟವರು ಗಕ್ಕನೆ ನಿಂತು, ಚಪ್ಪಲಿ ಕಳಚಿ ಹಿಂದಕ್ಕೆ ಒದ್ದರು.

"ಲೇ ಅನಿಲಾ! ಬಾರ್ಲಾ ಈಚೆಗೆ!"

ಅನಿಲ್‌ಕುಮಾರ್ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷಿನೊಡನೆ ಓಡಿಬಂದರು.

"ಕಣದ ಮ್ಯಾಲೆ ಕಾರು ಹತ್ಸಿದ್ದೀಯಲ್ಲ, ನೀನೇನ್ ಒಕ್ಲು ಮನೇಲಿ ಉಟ್ಟಿದ್ದಾ, ಗರಾಜ್ನಲ್ಲಿ ಉಟ್ಟಿದ್ದಾ?"

"ಅದು ಕಣ ಅಲ್ಲಮ್ಮ, ಪಾರ್ಕಿಂಗು."

"ನೆನ್ನೆಗಂಟ ಕಣ್ಣು ಕಾಣ್ತಿರ್ನಿಲ್ಲ ಅಂತ ಇವತ್ತೂ ಕಾಣಾಕಿಲ್ಲ ಅಂದ್ಕಂಡ್ಯಾ? ಸಗಣಿ ಸಾರ್ಸವ್ರೆ, ಬೆನಕನ್ನ ಮಡಗವ್ರೆ, ಕಾಳು ಬಿದ್ದದೆ. ಇನ್ನೇನ್ ಬೋರ್ಡ್ ಹಾಕ್ಬೇಕಿತ್ತಾ ನಿಂಗೆ? ನಿಮ್ಮಪ್ಪ ಬೀಡಿ ಕೂಡ ಆಚೆ ಬಿಸಾಕಿ ಕಣಕ್ಕೆ ಬತ್ತಿದ್ದ. ತಗಿ ಮೊದ್ಲು ಅದ್ನ!"

"ಸ್ನಾನ ಮಾಡಿ ತೆಗೀತೀನಮ್ಮ..."

"ಈಗ್ಲೇ! ಮೊದ್ಲು ಚಪ್ಲಿ ಬುಡು!"

ಅನಿಲ್‌ಕುಮಾರ್ ಬರಿಗಾಲಿನಲ್ಲಿ, ಬಾಯಲ್ಲಿ ನೊರೆ ಇಟ್ಟುಕೊಂಡೇ ಕಾರು ಹತ್ತಿ ಹಿಂದಕ್ಕೆ ತೆಗೆದರು. ಕಾರು ರಸ್ತೆಯಲ್ಲಿ ಬಿಳಿ ವ್ಯಾನಿನ ಹಿಂದೆ ಹೋಗಿ ನಿಂತಿತು. ಮಾಯಮ್ಮ ಬಾಗಿಲ ಸಂದಿಯಿಂದ ನೋಡುತ್ತ, "ಸ್ವಿಚ್ಚು ಹೊಳೆನರಸೀಪುರದಲ್ಲಿತ್ತು ನೋಡಿ," ಎಂದು ಗಂಡನಿಗೆ ಪಿಸುಗುಟ್ಟಿದರು.

ಆದರೆ ವ್ಯಾನು ಒಳಗೆ ಬಂತೇ? ಬರಲಿಲ್ಲ. ಕಣದ ಮೇಲೆ ಕಾರು ನಿಲ್ಲಬಾರದೆಂದ ಮೇಲೆ ವ್ಯಾನು ಹೇಗೆ ನಿಂತೀತು? ಅಷ್ಟೇ ಅಲ್ಲ, ಚಿಕ್ಕಲಕ್ಷ್ಮಮ್ಮನವರಿಗೆ ಕಣ ನೋಡಿ ಉಮೇದು ಬಂತು.

"ದೇವಯ್ಯ, ಈ ಬಲಗಡೆ ಅರ್ಧ ನಮ್ದಂತಲ್ಲ. ನಮ್ದೂ ಒಂದ್ ಗಾಡಿ ಉರ್ಳಿ ಊರಲ್ಲಿ ಅಂಗೇ ಬಿದ್ದದೆ. ತರ್ಸ್ತೀನಿ," ಎಂದರು. ತರಿಸಿಯೇಬಿಟ್ಟರು.

ಎರಡು ಮನೆಯ ಹುರುಳಿ ಅಕ್ಕಪಕ್ಕ ಬಿತ್ತು. ಒಬ್ಬರ ಕಾಳು ಇನ್ನೊಬ್ಬರ ರಾಶಿಗೆ ಸೇರಬಾರದೆಂದು ಚಿಕ್ಕಲಕ್ಷ್ಮಮ್ಮನೇ ಗೇಟಿನಿಂದ ಗೋಡೆಯವರೆಗೆ ಬೂದಿಯ ಗೆರೆ ಎಳೆದರು. ದೇವಯ್ಯನವರು ಟೇಪು ಹಿಡಿದು ಅಳೆದರು. ಎಡಕ್ಕೆ ಎಂಟಡಿ, ಬಲಕ್ಕೆ ಎಂಟಡಿ. ಒಂದು ಬೆರಳೂ ವ್ಯತ್ಯಾಸವಿರಲಿಲ್ಲ. ಹದಿನೈದು ದಿನ ಆ ಗೆರೆಯನ್ನು ಯಾರೂ ತುಳಿಯಲಿಲ್ಲ. ಕಪ್ಪು ಕಾರು ರಸ್ತೆಯಲ್ಲೇ ಇತ್ತು. ಎಮ್ಮೆಗೆ ಅದರ ಬಾಗಿಲು ವ್ಯಾನಿನದಕ್ಕಿಂತ ಚೆನ್ನಾಗಿ ಒಗ್ಗಿತು.

ರಾಶಿ ಎತ್ತುವ ದಿನ ಅನಿಲ್‌ಕುಮಾರ್ ಸಂಜೆ ಬೇಗ ಬಂದರು. ತಾಯಿಗೆ ಹೆದರಿ ಚಪ್ಪಲಿ ಕೈಯಲ್ಲಿ ಹಿಡಿದು, ದೇವಯ್ಯನವರ ಕಣದ ಅಂಚಿನಲ್ಲಿ, ಒಳಗೆ ಬರಲೋ ಬೇಡವೋ ಎಂದು ನಿಂತರು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ದೇವಯ್ಯನವರು ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಮೊರದ ತುಂಬ ಹುರುಳಿ ಮೊಗೆದರು.

"ಬನ್ನಿ ಸಾ. ಇಡ್ಕಳಿ."

"ಅಯ್ಯೋ, ನಮ್ದೇ ಇದೆಯಲ್ಲ, ಅಲ್ಲೇ ರಾಶಿ..."

"ಇಸ್ಕಳ್ಲಾ, ಕೊಟ್ಟಿದ್ದನ್ನ ಬ್ಯಾಡ ಅನ್ಬಾರ್ದು!" ಎಂದು ತಾಯಿ ಗದರಿದರು.

ಪಾತ್ರೆ ಇರಲಿಲ್ಲ. ಲಾರಿಗಟ್ಟಲೆ ಕಾಯಿ ಕೊಳ್ಳುವ ಅನಿಲ್‌ಕುಮಾರ್ ಅಂಗಿಯ ತುದಿ ಒಡ್ಡಿ ನಿಂತರು. ದೇವಯ್ಯನವರು ಒಂದು ಕಾಳೂ ಚೆಲ್ಲದಂತೆ ನಿಧಾನವಾಗಿ ಸುರಿದರು.

"ಕಲ್ಲಿದ್ರೆ ಆರಿಸ್ಕಳಿ ಸಾ. ನಿಮ್ ಟೈರಿಂದು."

ಅನಿಲ್‌ಕುಮಾರರಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಅಂಗಿಯಿಂದ ನಾಲ್ಕು ಕಾಳು ಉದುರಿದವು, ಬಗ್ಗಿ ಆರಿಸಿಕೊಂಡರು.

ಮರುದಿನ ಅಂಗಳ ತೊಳೆದರು. ಬೂದಿಯ ಗೆರೆ ಹೋಯಿತು. ದೇವಯ್ಯನವರು ವ್ಯಾನನ್ನು ಎಡಗಡೆಯ ಎಂಟಡಿಯಲ್ಲಿ ತಂದು ನಿಲ್ಲಿಸಿದರು. ನಾಲ್ಕು ಸಲ ಇಳಿದು ಚಕ್ರ ನೋಡಿ, ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತರು. ಸಂಜೆ ಆರೂವರೆಗೆ ಕಪ್ಪು ಕಾರು ಗೇಟಿನಲ್ಲಿ ನಿಂತಿತು. ನಾನು ಮೆಟ್ಟಿಲ ಮೇಲಿದ್ದೆ. ಕಾರು ಸ್ವಲ್ಪ ಯೋಚಿಸುವಂತೆ ತಡೆದು, ಆಮೇಲೆ ಬಲಕ್ಕೆ ತಿರುಗಿ, ಗೋಡೆಗೆ ಅಂಟಿಕೊಂಡಂತೆ ಒಳಬಂತು.

ಅಂಟಿಕೊಂಡೇಬಿಟ್ಟಿತ್ತು. ಡ್ರೈವರ್ ಕಡೆಯ ಬಾಗಿಲು ತೆಗೆದರೆ ಒಂದು ಗೇಣು ಸಂದಿ. ಅನಿಲ್‌ಕುಮಾರರ ಹೊಟ್ಟೆ ಅದರಲ್ಲಿ ಹಾಯುವುದಲ್ಲ. ಅವರು ಸೀಟಿನ ಮೇಲೆ ತೆವಳಿಕೊಂಡು ಎಡಗಡೆಗೆ ಬಂದು, ಆ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಹಾಗೇ ನಿಲ್ಲಿಸಿದರು. ಕೆಳಗಿದ್ದದ್ದು ದೇವಯ್ಯನವರ ಅಂಗಳ.

"ದೇವಯ್ಯನವ್ರೇ," ಎಂದು ಕಿಟಕಿಯ ಕಡೆಗೆ ಕೂಗಿದರು. "ಈ ಕಡೆ ಇಳ್ಕಳ್ಳಾ?"

ದೇವಯ್ಯನವರು ಹೊರಗೆ ಬಂದು, ತಮ್ಮ ವ್ಯಾನಿನ ಕನ್ನಡಿಯನ್ನು ಒಳಕ್ಕೆ ಮಡಚಿ ದಾರಿ ಮಾಡಿಕೊಟ್ಟರು.

"ಇಳೀರಿ ಸಾ, ಇಳೀರಿ. ಕೇಳಿದ್ ಮ್ಯಾಲೆ ಬ್ಯಾಡ ಅನ್ನಾಕಾಯ್ತದಾ."