ಮೂರನೇ ಪ್ಯಾರಾದ ಸುಳ್ಳು

ನಾನು ಪುರಸಭೆ ವಕೀಲೆ ಅಂದ ಕೂಡ್ಲೇ ಮಂದಿ ಮೊದಲ ಕುರ್ಚಿ ಸರಿಸಿ ಕೊಡತಾರ, ಆಮ್ಯಾಲೆ ತಮ್ಮ ಓಣಿ ಚರಂಡಿ ಸಲುವಾಗಿ ಜಗಳಾ ತೆಗೀತಾರ. ಎರಡೂ ನನಗ ರೂಢಿ ಆಗ್ಯಾವ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ನಾಕೂ ಕಡಿ ಕೋರ್ಟಿಗೆ ಬಸ್ಸಿನಾಗ ತಿರುಗಿ ಇಪ್ಪತ್ತು ವರ್ಷ ಆತು. ಇದು ಯಾವ ಊರಿನ ಪುರಸಭೆ ಮಾತು ಅಂತ ಮಾತ್ರ ಹೇಳೂದಿಲ್ಲ. ಹೇಳಿದ್ರ ನಾಳೆ ನನ್ನ ಮ್ಯಾಲೇ ನೋಟಿಸು ಬರತೈತಿ, ಅದನ್ನ ಬರದು ಕೊಡಾಕೂ ನನ್ನನ್ನೇ ಕರೀತಾರ.

ಒಳಚರಂಡಿ ಪೈಪು ಹಾಕಾಕ ರಸ್ತೆ ಅಗದಿದ್ರು. ತಗ್ಗಿನ ಸುತ್ತ ಒಂದು ಹಗ್ಗ ಸೈತ ಕಟ್ಟಿರಲಿಲ್ಲ. ರೈಸ್ ಮಿಲ್ಲಿನಾಗ ಚೀಲಾ ಹೊರೋ ಹಮಾಲ ಒಬ್ಬಾವ ನಸುಕಿನಾಗ ಸೈಕಲ್ ಮ್ಯಾಲೆ ಕೆಲಸಕ್ಕ ಹೊಂಟಾಗ ಅದರಾಗ ಬಿದ್ದು ಸತ್ತ. ಅವನ ಹೆಂಡತಿ ಪರಿಹಾರ ಬೇಕು ಅಂತ ಪುರಸಭೆ ಮ್ಯಾಲೆ ದಾವೆ ಹಾಕಿದ್ಲು. ಅದಕ್ಕ ಪುರಸಭೆ ಪರವಾಗಿ ತಕರಾರು, ಅಂದ್ರ ದಾವೆಗೆ ಲಿಖಿತ ಉತ್ತರ, ಬರಿಯೂದು ನನ್ನ ಕೆಲಸ.

ತಕರಾರು ಬರಿಯೂದಂದ್ರ ಎಲ್ಲಾ ಅಲ್ಲಗಳಿಯೂದು. ಒಂದನೇ ಪ್ಯಾರಾ ಸುಳ್ಳು, ಎರಡನೇ ಪ್ಯಾರಾ ಸುಳ್ಳು, ವಾದಿಯೇ ರುಜುವಾತು ಮಾಡತಕ್ಕದ್ದು. ಅಲ್ಲಗಳಿಯದೇ ಬಿಟ್ಟದ್ದನ್ನ ಒಪ್ಪಿಕೊಂಡಂಗ ಅಂತ ಕಾಯ್ದೆ ಐತಿ. ಹಿಂಗಾಗಿ ಸೂರ್ಯ ಮೂಡಣಕ್ಕ ಹುಟ್ಟತಾನ ಅಂತ ವಾದಿ ಬರದಿದ್ರೂ ನಾವು 'ಒಪ್ಪುವುದಿಲ್ಲ' ಅಂತೇವಿ. ಅವತ್ತು ನಾನು ಕಂಪ್ಯೂಟರಿನಾಗ ಒಂದು ಹಳೇ ಕೇಸಿನ ತಕರಾರು ತೆಗದು, ಹೆಸರು, ತಾರೀಖು ಬದಲಿ ಮಾಡಿ ಪ್ರಿಂಟ್ ಕೊಟ್ಟೆ. ಮೂರನೇ ಪ್ಯಾರಾ ಹಂಗೇ ಉಳಿತು. 'ವಾದಿಯು ಮೃತನ ಕಾಯ್ದೇಶೀರ ಹೆಂಡತಿ ಎಂಬುದು ಸಂಪೂರ್ಣ ಸುಳ್ಳು.' ಹಳೇ ಕೇಸಿನಾಗ ಖರೇನೇ ಇಬ್ಬರು ಹೆಂಡರ ಜಗಳಾ ಇತ್ತು. ಇಲ್ಲಿ ಆಕಿ ಹೆಂಡತಿ ಹೌದೋ ಅಲ್ಲೋ ಅಂತ ಯಾರೂ ಕೇಳಿರಲಿಲ್ಲ. ಪುರಸಭೆ ಮುಖ್ಯಾಧಿಕಾರಿ ಓದದೇ ಸಹಿ ಹಾಕಿದ್ರು. ಅವರಿಗೇನಂತೀರಿ, ಬರದಾಕಿ ನಾನೇ ಓದಿರಲಿಲ್ಲ.

ಆ ಸಾಲು ಬ್ಯಾರೆ ಯಾರ ಮ್ಯಾಲೆ ಬಿದ್ದಿದ್ರೂ ಜಾರಿ ಹೋಗತಿತ್ತು. ಈಕಿ ಉಡಿಕಿ ಆದಾಕಿ. ಗಂಡ ಸತ್ತ ಹೆಣ್ಣುಮಗಳಿಗೆ ಹಿರ್ಯಾರು ನಾಕು ಮಂದಿ ಕೂತು, ಹೊಸಾ ಸೀರಿ ಉಡಿಸಿ ಇನ್ನೊಬ್ಬನ ಮನಿಗೆ ಕಳಿಸೂದಕ್ಕ ನಮ್ಮ ಕಡಿ ಉಡಿಕಿ ಅಂತಾರ. ಹಂದರ ಇಲ್ಲ, ವಾಲಗ ಇಲ್ಲ, ಲಗ್ನಪತ್ರಿಕೆ ಇಲ್ಲ, ಫೋಟೊ ಅಂತೂ ಇಲ್ಲೇ ಇಲ್ಲ. ನಮ್ಮ ದೊಡ್ಡವ್ವನೂ ಉಡಿಕಿ ಆದಾಕೀನೇ. ಹನುಮಸಾಗರದಾಗ ಆಕಿ ಮನ್ಯಾಗ ಉಂಡು ಬೆಳದು ನಾನು ಸಾಲಿ ಕಲ್ತಾಕಿ. ಉಡಿಕಿ ಹೆಂಡತಿ ಹೆಂಡತೀನೇ ಅಂತ ನನಗ ಯಾರೂ ಕಲಿಸಬೇಕಾಗಿರಲಿಲ್ಲ.

ಆದ್ರ ತಕರಾರು ಕೋರ್ಟಿಗೆ ಹೋಗಿ ಆಗಿತ್ತು. ಅದನ್ನ ನೋಡಿ ನ್ಯಾಯಾಧೀಶರು, ವಾದಿ ತಾನು ಮೃತನ ಹೆಂಡತಿ ಅಂತ ರುಜುವಾತು ಮಾಡತಾಳೋ ಹೆಂಗ ಅನ್ನೂದನ್ನ ಕೇಸಿನ ಮೊದಲನೇ ಪ್ರಶ್ನೆ ಅಂತ ಬರಸಿದ್ರು. ಉಡಿಕಿಗೆ ಕೂತಿದ್ದ ಹಿರ್ಯಾರೆಲ್ಲಾ ಸತ್ತು ಹೋಗಿದ್ರು. ಆಕಿ ಕಡಿ ಇದ್ದದ್ದು ರೇಷನ್ ಕಾರ್ಡು, ಆಧಾರ ಕಾರ್ಡು. ಅವು ಮದುವಿಗೆ ಪುರಾವೆ ಅಲ್ಲ ಅಂತ ನಾನು ವಾದ ಮಾಡಬೇಕು, ಮಾಡಿದೆ.

ಪಾಟೀ ಸವಾಲಿನ ದಿನ ಆಕಿ ಕಟಕಟಿಯಾಗ ಸೆರಗು ಹೊತ್ಕೊಂಡು ನಿಂತಿದ್ಲು.

"ಲಗ್ನದ ಫೋಟೊ ಐತೇನು?" ಅಂತ ಕೇಳಿದೆ.

"ಇಲ್ರಿ."

"ಅಕ್ಕಿಕಾಳು ಹಾಕಿದವರು ಯಾರಾದ್ರೂ ಅದಾರೇನು?"

"ಉಡಿಕಿಗೆ ಯಾರು ಅಕ್ಕಿಕಾಳು ಹಾಕತಾರ್ರಿ ಅಕ್ಕಾರ? ನೀವೂ ಈ ಕಡಿಯವರ ಅದೀರಿ, ನಿಮಗ ಗೊತ್ತಿಲ್ಲೇನು?"

ಹಿಂದ ಕೂತ ವಕೀಲರು ಯಾರೋ ನಕ್ಕರು. ನನಗ ಸಿಟ್ಟು ಬಂತು. ಆ ಸಿಟ್ಟಿನಾಗ ಕೊನೇ ಸವಾಲು ಹಾಕಿದೆ. "ನೀವು ಅವನ ಹೆಂಡತಿನೇ ಅಲ್ಲ, ಪರಿಹಾರದ ಆಸೆಗೆ ಸುಳ್ಳು ಹೇಳಾಕ ಹತ್ತೀರಿ." ಕೋರ್ಟಿನಾಗ ಇಂಥಾ ಸವಾಲನ್ನ ಸಾಕ್ಷಿ ಯಾವ ಮಾತಿನಾಗ ಅಲ್ಲಗಳದ್ರೂ 'ಎಂದರೆ ಸರಿಯಲ್ಲ' ಅಂತ ಟೈಪ್ ಮಾಡತಾರ. ಹಂಗೇ ಟೈಪ್ ಆತು. ಆಕಿ ಖರೇ ಅಂದದ್ದು, "ಹದಿನೇಳು ವರ್ಷ ಅವನಿಗೆ ಬುತ್ತಿ ಕಟ್ಟೀನ್ರಿ." ಅದು ಯಾವ ಕಾಗದದಾಗೂ ಇಲ್ಲ.

ಇಷ್ಟಕ್ಕ ಮುಗದಿದ್ರ ನಾನೂ ಮರೀತಿದ್ದೆ ಅನಸ್ತೈತಿ. ಅವರು ಇದ್ದ ಎರಡು ಖೋಲಿ ಮನಿ ಗಂಡನ ಹೆಸರಿನಾಗ ಇತ್ತು. ಖಾತಾ ತನ್ನ ಹೆಸರಿಗೆ ಮಾಡಿ ಕೊಡ್ರಿ ಅಂತ ಆಕಿ ಪುರಸಭೆಗೆ ಅರ್ಜಿ ಕೊಟ್ಟಿದ್ಲು. ಸತ್ತಾವನ ತಮ್ಮಂದಿರು ಇಬ್ಬರು, ಅಲ್ಲೀತನಕ ಅತ್ತಿಗಿ ಅತ್ತಿಗಿ ಅಂತಿದ್ದವರು, ಕೋರ್ಟಿನಿಂದ ನನ್ನ ತಕರಾರಿನ ನಕಲು ತೆಗಸಿ ಆ ಅರ್ಜಿಗೆ ಆಕ್ಷೇಪಣೆ ಹಾಕಿದ್ರು. ಪುರಸಭೆನೇ ಈಕಿ ಹೆಂಡತಿ ಅಲ್ಲ ಅಂತ ಕೋರ್ಟಿನಾಗ ಹೇಳೈತಿ, ಈಗ ಅದೇ ಪುರಸಭೆ ಖಾತಾ ಹೆಂಗ ಮಾಡತೈತಿ ಅಂತ ಅವರ ಪ್ರಶ್ನೆ. ಕಾನೂನು ಅಭಿಪ್ರಾಯಕ್ಕ ಫೈಲು ತಿರುಗಿ ನನ್ನ ಟೇಬಲ್ಲಿಗೇ ಬಂತು. ಮೂರನೇ ಪ್ಯಾರಾಕ್ಕ ಯಾರೋ ಕೆಂಪು ಗೆರಿ ಎಳದಿದ್ರು.

ಫೈಲು ತಗೊಂಡು ಮುಖ್ಯಾಧಿಕಾರಿ ಹತ್ರ ಹೋದೆ. "ಸರ್, ಆ ಸಾಲು ನಕಲು ಮಾಡುವಾಗ ಉಳದದ್ದು, ನಂದೇ ತಪ್ಪು. ತಿದ್ದುಪಡಿ ಅರ್ಜಿ ಹಾಕೂಣು" ಅಂದೆ.

ಅವರು ಕೆಟ್ಟ ಮನುಷ್ಯ ಅಲ್ಲ. ಚಾ ತರಿಸಿದ್ರು. "ಮೇಡಂ, ಈಗ ಒಪ್ಪಿದ್ರ ಕೇಸು ಸೋಲಾಕ ನಾವೇ ಬಾಗಿಲ ತಗದಂಗ ಆಗತೈತಿ. ನಾಳೆ ಮ್ಯಾಲಿನವರು ಕೇಳಿದ್ರ ಉತ್ತರ ಯಾರು ಕೊಡಬೇಕ್ರಿ? ನೀವ ಕೊಡತೀರೇನು?" ಅಂದ್ರು. ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದೀತಾರ ಅನ್ನೋ ಗಾದಿ ನಮಗ್ಯಾರಿಗೂ ಹೊಸದಲ್ಲ. ಅದೇ ತಿಂಗಳು ಪುರಸಭೆ ವಕೀಲರ ಪಟ್ಟಿ ಹೊಸದಾಗಿ ಮಾಡೋರಿದ್ರು, ಅದರಾಗ ನನ್ನ ಹೆಸರು ಉಳೀಬೇಕಿತ್ತು. ಅಂಜಿದೆ. ಬ್ಯಾರೆ ಕಾರಣ ಏನೂ ಇಲ್ಲ.

'ಪ್ರಕರಣವು ನ್ಯಾಯಾಲಯದಲ್ಲಿ ಬಾಕಿ ಇರುವುದರಿಂದ ತೀರ್ಮಾನವಾಗುವವರೆಗೆ ಖಾತಾ ಬದಲಾವಣೆ ಮಾಡತಕ್ಕದ್ದಲ್ಲ' ಅಂತ ಅಭಿಪ್ರಾಯ ಬರದು ಕಳಿಸಿದೆ. ಯಾವ ವಕೀಲನೂ ಅದರಾಗ ತಪ್ಪು ಹಿಡಿಯಾಂಗಿಲ್ಲ. ವಾರ ತುಂಬೂದ್ರಾಗ ಮೈದುನರು ಆಕಿ ಭಾಂಡೆ, ಹಾಸಿಗಿ ಹೊರಗ ಇಟ್ಟು ಮನಿಗೆ ಕೀಲಿ ಜಡದ್ರು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಆಕಿ ನನ್ನ ಆಫೀಸಿಗೆ ಬಂದ್ಲು. ಬೈಯಾಕ ಬಂದಾಳ ಅಂತ ತಯಾರಾಗಿ ಕೂತೆ. ಬೈಲಿಲ್ಲ. ಕುರ್ಚಿ ತೋರಿಸಿದ್ರೂ ಕೂಡಲಿಲ್ಲ.

"ಅಕ್ಕಾರ, ಇಲ್ಲಿ ಯಾವ ಸಾಹೇಬ್ರೂ ಇಲ್ಲ. ನಾ ಅವನ ಹೇಂತಿ ಹೌದಲ್ಲರಿ?"

"ಹೌದು" ಅಂದೆ.

"ಹಂಗಾರ ಅಷ್ಟು ಬರದು ಕೊಡ್ರಿ. ರೊಕ್ಕ ಬ್ಯಾಡ, ಕೇಸೂ ಬ್ಯಾಡ. ಆ ಚೀಟಿ ತೋರಿಸಿ ಮನಿ ಹೊಕ್ಕೋತೀನಿ."

ನಾನು ಎದುರು ಪಾರ್ಟಿ ವಕೀಲೆ, ನಿನ್ನ ಜೋಡಿ ಮಾತಾಡೂದೇ ನಮ್ಮ ವೃತ್ತಿಗೆ ತಪ್ಪು, ಹಂಗ ಬರದು ಕೊಡಾಕ ಬರೂದಿಲ್ಲವ್ವ, ನಿನ್ನ ವಕೀಲರ ಹತ್ರ ಹೋಗು ಅಂತ ಹೇಳಿದೆ. ಎಲ್ಲಾ ಖರೇ ಮಾತೇ. ಆಕಿ ಪೂರ್ತಿ ಕೇಳಿಸ್ಕೊಂಡ್ಲು.

"ಅಲ್ಲ ಅಂತ ಬರಿಯಾಕ ಬಂತಲ್ರಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ್ಲು.

ಆವತ್ತು ತಂದ ಬುತ್ತಿ ಹಂಗೇ ಮನಿಗೆ ಒಯ್ದೆ. ನಾಚಿಕಿ ಆಗಿತ್ತು, ಈಗೂ ಆಗತೈತಿ. ಆದ್ರ ಎದ್ದು ಹಿಂದ ಹೋಗಿ ಕರೀಲಿಲ್ಲ, ಅದನ್ನೂ ಹೇಳಿಬಿಡಬೇಕು.

ಆಕಿ ಕಾರಟಗಿ ಕಡಿ ಹೋಗಿ ಯಾವುದೋ ಮಿಲ್ಲಿನಾಗ ಕಾಳು ಬಳಿಯೋ ಕೆಲಸಕ್ಕ ಸೇರ್ಯಾಳ ಅಂತ ಆಮ್ಯಾಲೆ ಸುದ್ದಿ ಬಂತು. ಕೇಸಿನ ಎರಡು ತಾರೀಖಿಗೆ ಕೋರ್ಟಿಗೆ ಬರಲಿಲ್ಲ. ಮೂರನೇದಕ್ಕ ಆಕಿ ವಕೀಲರೂ, ತನಗ ಪಾರ್ಟಿ ಸಿಗವಲ್ಲಳು ಅಂತ ಹೇಳಿ ಕೈ ಎತ್ತಿದ್ರು. ನ್ಯಾಯಾಧೀಶರು ವಾದಿಯನ್ನ ಕೂಗಿಸ್ರಿ ಅಂದ್ರು.

ಜವಾನ ಬಾಗಿಲದಾಗ ನಿಂತು ವರಾಂಡಕ್ಕೆಲ್ಲಾ ಕೇಳೂಹಂಗ ಕೂಗಿದ. ನಮ್ಮ ಕೋರ್ಟಿನ ಕಾಗದದಾಗ ಹೆಣ್ಣುಮಕ್ಕಳ ಹೆಸರಿನ ಮುಂದ ಗಂಡ ಅಂತ ಬರದು ಅವನ ಹೆಸರು ಹಾಕತಾರ. ಅವ ಅದನ್ನ ಇದ್ದಂಗೇ ಓದಿದ. ಆಕಿ ಹೆಸರು, ಗಂಡ, ಸತ್ತಾವನ ಹೆಸರು. ಒಂದು ಸಲ, ಎರಡು ಸಲ, ಮೂರು ಸಲ. ಓ ಅನ್ನಾಕ ಅಲ್ಲಿ ಯಾರೂ ಇರಲಿಲ್ಲ.

ನಾನು ಎದ್ದು ನಿಂತು, "ವಾದಿ ಹಾಜರಿಲ್ಲ ಸ್ವಾಮಿ, ದಾವೆ ವಜಾ ಮಾಡಬೇಕು" ಅಂದೆ.